ಅತ್ತೆಯ ಕೈಯಳತೆ

ಏಣಿ ಆ ಕೋಣೆಯಲ್ಲಿ ಒಂದು ದಿನವೂ ನೆಟ್ಟಗೆ ನಿಂತವಳಲ್ಲ.

ಮದುವೆಯಾಗಿ ಬಂದ ದಿನವೇ ಬಾಗಿಲಿಗೆ ಹಣೆ ಬಡಿಸಿಕೊಂಡಳು. ಒಳಗೆ ಹೋಗಿ ತಲೆ ಎತ್ತಿದಳು, ನೆತ್ತಿಗೆ ಚಾವಣಿ ತಾಗಿತು. ಬಂದ ಗಳಿಗೆಯಲ್ಲೇ ಅತ್ತರೆ ಚೆನ್ನಾಗಿರುವುದಿಲ್ಲವೆಂದು ಹಲ್ಲು ಕಚ್ಚಿಕೊಂಡು, ಕತ್ತು ಓರೆ ಮಾಡಿಕೊಂಡು ನಿಂತಳು. ಅತ್ತೆ ಕೆಳಗಿನಿಂದ ಅವಳ ಮುಖ ನೋಡಿದಳು.

"ಇವಳ ಮುಖ ನೋಡೋಕೆ ನಂಗೆ ಏಣಿ ಬೇಕಲ್ಲೋ ಮಗನೇ!"

ಅಂಗಳದಲ್ಲಿ ಸೇರಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವಳ ಹೆಸರು ಏಣಿಯೇ ಆಯಿತು. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಅದು ಅಂಟಿಕೊಂಡಿತು.

ಗುಂಡಿಯವರ ಮನೆ ಕಟ್ಟಿದ ಮನೆಯಲ್ಲ, ತೋಡಿದ ಮನೆ. ಮೊದಲು ಬಯಲಿನಲ್ಲಿ ಚೌಕನಾದ ದೊಡ್ಡ ಗುಂಡಿ ತೋಡುತ್ತಾರೆ. ಅದೇ ಅಂಗಳ. ಅಂಗಳದ ನಾಲ್ಕೂ ಗೋಡೆಗಳನ್ನು ಒಳಕ್ಕೆ ಕೊರೆಯುತ್ತಾ ಹೋದರೆ ಕೋಣೆಗಳು. ಇಳಿಯಲು ಒಂದು ಇಳಿಜಾರು ದಾರಿ. ಚಾವಣಿಯ ಮೇಲೆ ಒಂದಾಳಿನಷ್ಟು ಮಣ್ಣು. ಬೇಸಿಗೆಯಲ್ಲಿ ಬಯಲು ಕಾದ ಕಾವಲಿಯಾದರೂ ಕೆಳಗೆ ತಂಪು. ಚಳಿಯಲ್ಲಿ ಮೇಲೆ ಹಲ್ಲು ಕಟಕಟ ಅಂದರೂ ಕೆಳಗೆ ಬೆಚ್ಚಗೆ. ಮೇಲಿನಿಂದ ನೋಡಿದವರಿಗೆ ಮನೆ ಕಾಣುವುದಿಲ್ಲ, ಒಲೆಯ ಹೊಗೆ ಮಾತ್ರ ಕಾಣುತ್ತದೆ. ಅದಕ್ಕೇ ಊರಿನವರು ಅವರನ್ನು ಹೆಗ್ಗಣಗಳು ಎಂದು ಕರೆದರು. ಶಾಲೆಗೆ ಹೋದ ಗುಂಡಿಯವರ ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಬಾಲ ತೋರಿಸು ಎಂದು ಚಡ್ಡಿ ಎಳೆದರು. ಏಣಿಯ ಗಂಡ ಶಾಲೆ ಬಿಟ್ಟದ್ದು ಹಾಗೆ ಎಳೆಸಿಕೊಂಡ ದಿನವೇ.

ಕೋಣೆ ತೋಡುವುದಕ್ಕೆ ಅವರಲ್ಲಿ ಒಂದು ಕ್ರಮವಿತ್ತು. ಆ ಮನೆಯ ಹೆಂಗಸು ನಡುವೆ ನಿಂತು ಕೈ ಎತ್ತಬೇಕು. ಅವಳ ಅಂಗೈ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಚಾವಣಿ. ಯಾಕೆಂದರೆ ವರ್ಷಕ್ಕೊಮ್ಮೆ ಅದಕ್ಕೆ ಹೊಸ ಮಣ್ಣು ಮೆತ್ತದಿದ್ದರೆ ಅದು ಹಕ್ಕಳೆ ಎದ್ದು ಉದುರುತ್ತದೆ. ಮೆತ್ತುವವಳು ಅವಳೇ. ಬರಿಗೈಯಲ್ಲಿ ಮೆತ್ತಬೇಕು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಿಗೆ ಬಿದ್ದ ಮಣ್ಣನ್ನು ಒರೆಸಿಕೊಳ್ಳುತ್ತಾ. ಸಂಜೆಗೆ ಕತ್ತು ಹಿಡಿದುಕೊಂಡು, ತೋಳು ಕಟ್ಟಿಗೆಯಾಗಿರುತ್ತದೆ. ಎಟುಕದ ಚಾವಣಿಯಿಂದ ಏನು ಪ್ರಯೋಜನ? ಹಾಗಾಗಿ ಒಂದೊಂದು ಕೋಣೆಯೂ ಒಬ್ಬೊಬ್ಬ ಹೆಂಗಸಿನ ಅಳತೆಗೆ ಹೊಲಿದ ಅಂಗಿಯ ಹಾಗೆ.

ಏಣಿಯ ಅತ್ತೆ ಮೊಳದುದ್ದದ ಹೆಂಗಸು. ಅವಳ ಕೈಯಳತೆಯ ಕೋಣೆಯಲ್ಲಿ ಏಣಿ ಬಾಗಿ ಅಡುಗೆ ಮಾಡಿದಳು, ಬಾಗಿ ಕಸ ಗುಡಿಸಿದಳು, ಬಾಗಿಯೇ ಜಗಳವಾಡಿದಳು.

"ನಂಗೊಂದು ಕೋಣೆ ತೋಡಿಸಿ ಅತ್ತೆ. ಕತ್ತು ಬಿದ್ದುಹೋಗ್ತಿದೆ."

"ನಿನ್ನ ಕೈಯಳತೆಗೆ ತೋಡಿದ್ರೆ ಅದು ಕೋಣೆ ಆಗಲ್ಲ ಕಣೆ, ಬಾವಿ ಆಗುತ್ತೆ."

"ಆಗ್ಲಿ. ನಿಮ್ಮನ್ನ ಅದರೊಳಗೆ ತಳ್ಳೋಕೆ ಅನುಕೂಲ."

"ತಳ್ಳು. ಮೇಲೆ ಬಂದು ನಿನ್ನ ಜುಟ್ಟು ಹಿಡೀತೀನಿ. ಅದಕ್ಕೂ ಏಣಿ ಬೇಕಲ್ಲ, ಏನ್ಮಾಡ್ಲಿ!"

ಹೀಗೆ ಬೆಳಗಾದರೆ ಜಗಳ. ಆದರೆ ಮೆತ್ತುವ ದಿನ ಬಂದರೆ ಅತ್ತೆಗೆ ಮಣ್ಣು ಕಲಸಿ ಕೊಡುತ್ತಿದ್ದವಳು ಏಣಿಯೇ. ಅತ್ತೆಯ ಕಣ್ಣಿಗೆ ಬಿದ್ದ ಮಣ್ಣನ್ನು ನಾಲಿಗೆಯ ತುದಿಯಿಂದ ತೆಗೆಯುತ್ತಿದ್ದವಳೂ ಅವಳೇ. ಅತ್ತೆ ಅದನ್ನು ಯಾರೆದುರಿಗೂ ಒಪ್ಪಿಕೊಳ್ಳುತ್ತಿರಲಿಲ್ಲ.

ಮುಂದಿನ ವರ್ಷ ತೋಡೋಣ ಎಂದು ಗಂಡ ಪ್ರತಿ ವರ್ಷ ಹೇಳಿದ. ಆ ಮುಂದಿನ ವರ್ಷ ಬರಲೇ ಇಲ್ಲ. ಅದಕ್ಕೆ ಮೊದಲು ಸರ್ಕಾರದ ಸಾಹೇಬರು ಬಂದರು.

ಸಾಹೇಬರು ಜೀಪಿನಿಂದ ಇಳಿದು ಗುಂಡಿಯ ಅಂಚಿನಲ್ಲಿ ನಿಂತರು. ಕೆಳಗಿದ್ದವರಿಗೆ ಕಂಡದ್ದು ಎರಡು ಬೂಟು, ಒಂದು ಹೊಟ್ಟೆ, ಅದರ ಮೇಲೆ ಜೋಡಿ ಗದ್ದ. ಮೂಗಿಗೆ ಕರವಸ್ತ್ರ. ಇಳಿದು ಬನ್ನಿ, ಟೀ ಮಾಡಿದ್ದೀನಿ ಎಂದು ಅತ್ತೆ ಕೂಗಿ ಕರೆದಳು. ಅವರು ಇಳಿಯಲಿಲ್ಲ. ಪಕ್ಕದವನಿಗೆ ಏನೋ ಹೇಳಿ ಬರೆಸಿದರು. ಅಷ್ಟೇ. ಈ ಜಾಗ ಮನುಷ್ಯರು ವಾಸಿಸಲು ಯೋಗ್ಯವಲ್ಲ ಎಂದು ಆಮೇಲೆ ಧ್ವನಿವರ್ಧಕದಲ್ಲಿ ಸಾರಿದರು. ಗುಂಡಿಯವರನ್ನೆಲ್ಲ ಲಾರಿ ಹತ್ತಿಸಿ ಬಯಲಿನ ಆಚೆ ತುದಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ತಗಡಿನ ಶೆಡ್ಡುಗಳಲ್ಲಿ ಇಳಿಸಿದರು. ತಗಡಿನ ಗೋಡೆ, ತಗಡಿನ ಸೂರು, ತಗಡಿನ ಬಾಗಿಲು. ಏಣಿ ಒಳಗೆ ಹೋಗಿ ನೆಟ್ಟಗೆ ನಿಂತಳು. ತಲೆ ತಾಗಲಿಲ್ಲ. ಬೇಸಿಗೆ ಬಂದ ಮೇಲೆ ತಿಳಿಯಿತು, ಆ ಶೆಡ್ಡಿನಲ್ಲಿ ನಿಲ್ಲಲೂ ಆಗದು, ಕೂರಲೂ ಆಗದು ಎಂದು. ಗೋಡೆ ಮುಟ್ಟಿದರೆ ಬೊಬ್ಬೆ ಏಳುತ್ತಿತ್ತು. ಬಿಂದಿಗೆಯ ನೀರು ಕುಡಿದರೆ ಬಾಯಿ ಸುಡುತ್ತಿತ್ತು.

ಖಾಲಿಯಾದ ಗುಂಡಿಗಳಿಗೆ ಒಂದು ಕಂಪನಿ ಬೇಲಿ ಹಾಕಿತು. ಮೇಲೆಲ್ಲ ಹುಲ್ಲುಹಾಸು ಬೆಳೆಸಿ, ಕೆಳಗಿನ ಕೋಣೆಗಳಿಗೆ ಮಂಚ, ಕನ್ನಡಿ, ಹಳದಿ ದೀಪ ಇಟ್ಟು ಹೋಟೆಲು ಮಾಡಿತು. ಭೂಮಿಯ ಒಡಲಲ್ಲಿ ವಿಶ್ರಾಂತಿ ಎಂದು ಗೇಟಿನ ಮೇಲೆ ಬರೆಸಿತು. ಮನುಷ್ಯರು ವಾಸಿಸಲು ಯೋಗ್ಯವಲ್ಲದ ಜಾಗಕ್ಕೆ ದೂರದೂರದಿಂದ ಮನುಷ್ಯರು ಕಾರು ಮಾಡಿಕೊಂಡು ಬಂದರು. ಬೇಸಿಗೆಯಲ್ಲಂತೂ ಕೋಣೆ ಸಿಗುತ್ತಿರಲಿಲ್ಲ.

ಚಾವಣಿಗೆ ಮೆತ್ತಲು ಕಂಪನಿಗೆ ಕೈಗಳು ಬೇಕಾದವು. ಮೇಸ್ತ್ರಿಗಳು ಬಂದು ಸಿಮೆಂಟು ಬಳಿದರು, ಮೊದಲ ಮಳೆಗೇ ಅದು ಕಳಚಿ ಬಿತ್ತು. ಕೊನೆಗೆ ಗುಂಡಿಯ ಹೆಂಗಸರನ್ನೇ ಕರೆದರು. ಏಣಿ ಹೋದಳು. ಅವಳ ಗೆಳತಿ ಕಹಳೆ ಹೋದಳು. ಅವಳು ಪಿಸುಗುಟ್ಟಿದರೆ ಎರಡು ಗುಂಡಿಯಾಚೆ ಕೇಳುತ್ತಿತ್ತು, ಅದಕ್ಕೇ ಆ ಹೆಸರು. ಏಣಿಯ ಗಂಡನಿಗೆ ಗೇಟು ಕಾಯುವ ಕೆಲಸ ಸಿಕ್ಕಿತು. ಟೋಪಿ, ಬೂಟು, ಸೀಟಿ ಕೊಟ್ಟರು. ಹೋಗುವ ಬರುವ ಕಾರಿಗೆಲ್ಲ ಸಲಾಂ ಹೊಡೆಯಬೇಕು. ಅವನು ಹುಟ್ಟಿದ ಗುಂಡಿಗೆ ಅವನೇ ಕಾವಲು.

ಆ ಬೇಸಿಗೆಯಲ್ಲಿ ಅತ್ತೆ ಶೆಡ್ಡಿನಲ್ಲಿ ಕುಸಿದು ಬಿದ್ದಳು. ಮೈ ಕೆಂಡ, ಬಾಯಿ ಒಣಗಿ ಮಾತು ತೊದಲುತ್ತಿತ್ತು. ಆಸ್ಪತ್ರೆಯ ನರ್ಸಮ್ಮ ಸೂಜಿ ಚುಚ್ಚಿ, ಒದ್ದೆ ಬಟ್ಟೆ ಹಾಕಿ ಉಳಿಸಿಕೊಟ್ಟಳು. ಏಣಿಯನ್ನು ಪಕ್ಕಕ್ಕೆ ಕರೆದು ಹೇಳಿದಳು:

"ಹಗಲು ಹೊತ್ತು ಇವರನ್ನ ತಂಪಾಗಿರೋ ಕಡೆ ಇಡಬೇಕು. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಆಗಲ್ಲ."

ತಂಪಾಗಿರುವ ಕಡೆ! ಏಣಿಗೆ ನಗು ಬಂತು. ತಂಪಾಗಿರುವ ಕೋಣೆಗೆ ಅವಳು ದಿನವೂ ಮಣ್ಣು ಮೆತ್ತುತ್ತಿದ್ದಳು.

ಮ್ಯಾನೇಜರನ ಹತ್ತಿರ ಹೋಗಿ ನಿಂತಳು. ಸಾಮಾನಿಡುವ ಕೋಣೆಯ ಮೂಲೆ ಸಾಕು, ಹಗಲು ಮಲಗಿಸಿ ಸಂಜೆ ಕರೆದುಕೊಂಡು ಹೋಗುತ್ತೇನೆ ಎಂದು ಕೇಳಿಕೊಂಡಳು. ಮ್ಯಾನೇಜರ್ ತೀರಾ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಬೈದು ಕಳಿಸಿಬಿಡಬಹುದಿತ್ತು. ಅವನು ಯೋಚನೆ ಮಾಡಿದ. ಅದೇ ಅನಾಹುತವಾಯಿತು.

"ಏಣಮ್ಮಾ, ಅವರದ್ದೇ ಕೋಣೇಲಿ ಕೂರಿಸೋಣ. ಗೆಸ್ಟುಗಳು ಬಂದು ನೋಡ್ಲಿ. ಹಳೇ ಕಾಲದವರು ಹೇಗಿದ್ರು ಅಂತ. ಒಲೆ ಮುಂದೆ ಸುಮ್ನೆ ಕೂತಿದ್ರೆ ಆಯ್ತು. ನಿಮಗೂ ಅನುಕೂಲ, ನಮಗೂ ಅನುಕೂಲ."

"ತೋರಿಸೋಕಾ ಸಾರ್?"

"ತೋರಿಸೋಕೆ ಅಂದ್ಕೋಬೇಡಮ್ಮ. ಗೌರವ ಅಂದ್ಕೋ."

ಏಣಿ ಒಪ್ಪಿದಳು. ಅತ್ತೆ ಸಾಯುವುದನ್ನು ನೋಡುವುದಕ್ಕಿಂತ ಗೌರವ ವಾಸಿ ಎನಿಸಿತು. ಅತ್ತೆಗೆ ನಾಚಿಕೆಯಿಂದ ನೆಲ ನೋಡುತ್ತಾ ಹೇಳಿದಳು. ಅತ್ತೆ ಮಾತ್ರ ತಲೆದಿಂಬಿನಲ್ಲೇ ಕೇಕೆ ಹಾಕಿದಳು.

"ನನ್ನ ಮನೇಲಿ ನಾನು ಕೂತ್ರೆ ಅದರಲ್ಲಿ ನೋಡೋಕೆ ಏನಿದೆಯೇ? ತಲೆ ಕೆಟ್ಟಿದ್ಯಾ ಇವಕ್ಕೆ? ನಡಿ, ಹೋಗೋಣ."

ಮೊದಲ ದಿನ ಅತ್ತೆ ಒಗೆದ ಬಟ್ಟೆ ಉಟ್ಟು ಹೋದಳು. ಅದು ಆಗುವುದಿಲ್ಲ ಎಂದರು. ಕಂಪನಿಯವರೇ ಒಂದು ಹರಕು ಬಟ್ಟೆ ಕೊಟ್ಟರು, ಬೇಕೆಂದೇ ಮಸಿ ಹಚ್ಚಿದ್ದು. ಚಪ್ಪಲಿ ಬಿಡಿಸಿದರು. ಕಂಪನಿಯ ಮಂಚದ ಪಕ್ಕ, ಬೆಂಕಿಯಿಲ್ಲದ ಒಲೆಯ ಮುಂದೆ ಕೂರಿಸಿದರು. ಗೆಸ್ಟುಗಳು ಬಾಗಿ ಬಾಗಿ ಒಳಗೆ ಬಂದು ಫೋಟೋ ಹೊಡೆದುಕೊಂಡರು. ಒಬ್ಬಳು ಅತ್ತೆಯ ಅಂಗೈಯನ್ನು ತಿರುಗಿಸಿ, ಎಷ್ಟು ಒರಟು ನೋಡ್ರೀ ಎಂದು ಗಂಡನಿಗೆ ತೋರಿಸಿದಳು. ಇನ್ನೊಬ್ಬ, ಕಕ್ಕಸಿಗೆ ಎಲ್ಲಿಗೆ ಹೋಗ್ತಿದ್ರಿ ಎಂದು ಕೇಳಿದ. ನಿಮ್ಮಪ್ಪ ಎಲ್ಲಿಗೆ ಹೋಗ್ತಿದ್ನೋ ಅಲ್ಲಿಗೇ ಎಂದಳು ಅತ್ತೆ. ಎಲ್ಲರೂ ನಕ್ಕು ಅದನ್ನೂ ರೆಕಾರ್ಡು ಮಾಡಿಕೊಂಡರು.

ಆದರೆ ಅತ್ತೆಯ ಉಸಿರಾಟ ಹದಕ್ಕೆ ಬಂತು. ಗೆಸ್ಟುಗಳಿಲ್ಲದಾಗ ಗೋಡೆಗೆ ಕೆನ್ನೆ ಹಚ್ಚಿ ನಿದ್ದೆ ಮಾಡುತ್ತಿದ್ದಳು. ಸಂಜೆ ಏಣಿ ಕರೆಯಲು ಬಂದರೆ, ಇನ್ನೂ ಸ್ವಲ್ಪ ಹೊತ್ತು ಇರೋಣ ಕಣೆ ಎಂದು ಮಗುವಿನ ಹಾಗೆ ಗೋಗರೆಯುತ್ತಿದ್ದಳು. ಈ ಬೇಸಿಗೆಯೊಂದು ದಾಟಿದರೆ ಸಾಕು ಎಂದು ಏಣಿ ಅವಡುಗಚ್ಚಿಕೊಂಡು ಕೆಲಸ ಮಾಡಿದಳು.

ಬೇಸಿಗೆಯ ನಡುಮಧ್ಯೆ ಒಂದು ದಿನ ಏಣಿ ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದಳು. ಮೇಲೆ ಅಂಚಿನಲ್ಲಿ ಯಾರೋ ಬಂದು ನಿಂತ ನೆರಳು ಬಿತ್ತು. ತಲೆ ಎತ್ತಿದಳು. ಎರಡು ಬೂಟು, ಒಂದು ಹೊಟ್ಟೆ, ಜೋಡಿ ಗದ್ದ.  ಆ ಮನುಷ್ಯನನ್ನು ಅವಳು ಕೆಳಗಿನಿಂದ ಮಾತ್ರ ನೋಡಿದ್ದಳು. ಕೆಳಗಿನಿಂದ ನೋಡಿದರೆ ಸಾಕಿತ್ತು.

ಈ ಸಲ ಸಾಹೇಬರು ಇಳಿದು ಬಂದರು. ಹಿಂದೆ ಹೆಂಡತಿ, ಅವಳ ಹಿಂದೆ ಪೆಟ್ಟಿಗೆ ಹೊತ್ತ ಏಣಿಯ ಗಂಡ, ಪಕ್ಕದಲ್ಲಿ ಕೈ ಹೊಸೆಯುತ್ತಾ ಮ್ಯಾನೇಜರ್.

"ಆಹಾ! ಏನು ತಂಪು ಕಣೇ! ಎಸಿ ಯಾಕೆ ಬೇಕು ಹೇಳು? ಮಣ್ಣಿನಲ್ಲಿ ಇದ್ರೆ ಆಯುಷ್ಯ ಜಾಸ್ತಿಯಾಗುತ್ತೆ," ಎಂದು ಸಾಹೇಬರು ಹೆಂಡತಿಗೆ ಹೇಳಿದರು.

ಏಣಿ ಕೆಸರುಗಾಲಲ್ಲೇ ಓಡಿ ಅತ್ತೆಯ ಕಿವಿಯಲ್ಲಿ ಹೇಳಿದಳು. "ಅತ್ತೆ, ಇವನೇ. ಅವತ್ತು ಮೇಲೆ ನಿಂತಿದ್ದೋನು."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. "ಇವನಾ? ಕೊನೆಗೂ ಇಳಿದು ಬಂದ್ನಲ್ಲ, ಬಿಡು."

ಸಾಹೇಬರು ಕೋಣೆಯೊಳಕ್ಕೆ ಬಗ್ಗಿ ಬರುತ್ತಿದ್ದ ಹಾಗೆ ಅತ್ತೆ ಒಲೆಯ ಮುಂದೆ ಕೂತೇ ಕೇಳಿದಳು.

"ಸಾಹೇಬ್ರೆ, ಮನುಷ್ಯರು ಇರಬಹುದಾ ಇಲ್ಲಿ?"

"ಇರಬಹುದಾ ಅಂದ್ರೆ? ನಾನಂತೂ ಇಲ್ಲೇ ಇದ್ದುಬಿಡೋಣ ಅಂತಿದ್ದೀನಿ ಅಜ್ಜಿ!" ಎಂದು ಸಾಹೇಬರು ಗಹಗಹಿಸಿ ನೆಟ್ಟಗಾದರು. ಠಪ್ ಎಂದು ತಲೆ ಚಾವಣಿಗೆ ಹೊಡೆಯಿತು. ಕನ್ನಡಕ ಕಳಚಿ ಒಲೆಯೊಳಗೆ ಬಿತ್ತು.

ಅವರಿಗೆ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅವರು ಅತ್ತೆಯ ಮುಖ ನೋಡಿಯೇ ಇರಲಿಲ್ಲ. ನೋಡಿದ್ದು ಗುಂಡಿಯನ್ನು.  ಏಣಿಗೆ ಅವರ ಕುತ್ತಿಗೆಪಟ್ಟಿ ಹಿಡಿದು, ನಿನ್ನ ಒಂದು ಮಾತಿಗೆ ನಾವು ತಗಡಿನಲ್ಲಿ ಬೇಯುತ್ತಿದ್ದೇವಲ್ಲೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅತ್ತೆಯನ್ನು ಹೊರಗೆ ಹಾಕಿಬಿಟ್ಟರೆ? ಬಾಯಿಗೆ ಬೀಗ ಹಾಕಿಕೊಂಡು ಕನ್ನಡಕ ಒರೆಸಿ ಕೊಟ್ಟಳು. ಆ ಮೌನಕ್ಕೆ ಅವಳು ಆಮೇಲೆ ತನ್ನನ್ನೇ ಶಪಿಸಿಕೊಂಡಳು.

ಮಾರನೆಯ ದಿನ ಏಣಿ ಆಚೆ ಗುಂಡಿಯಲ್ಲಿ ಚಾವಣಿಗೆ ಮೆತ್ತುತ್ತಿದ್ದಳು. ಊಟದ ಹೊತ್ತು ದಾಟಿತ್ತು. ಕಹಳೆಯ ಕೂಗು ಬಯಲು ಸೀಳಿಕೊಂಡು ಬಂತು.

"ಏಣೀ! ಬಾರೇ! ನಿಮ್ಮತ್ತೆ!"

ಮಣ್ಣಿನ ಬಾಂಡ್ಲಿ ಎತ್ತಿ ಒಗೆದು ಓಡಿದಳು. ಅಂಗಳದ ನಡುವೆ ಬಿಸಿಲು ಸುರಿಯುತ್ತಿತ್ತು. ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಿಂದ ಜಾರಿ ಅತ್ತೆ ಬಾಗಿಲ ಕಡೆಗೆ ತೆವಳಿದ ಗುರುತು ನೆಲದ ಮೇಲಿತ್ತು. ತನ್ನ ಬಾಗಿಲ ಹೊಸ್ತಿಲಿಗೆ ಕೈ ಚಾಚಿಕೊಂಡು ಬಿದ್ದಿದ್ದಳು. ಕಂಪನಿಯ ಹರಕು ಬಟ್ಟೆ ಮೈಮೇಲೆ. ಬರಿಗಾಲು ಸುಟ್ಟು ಕೆಂಪಾಗಿತ್ತು. ಏಣಿ ಎತ್ತಿಕೊಂಡಳು. ಮೊಳದುದ್ದದ ಹೆಂಗಸು, ಭಾರವೇ ಇರಲಿಲ್ಲ. ನೀರು ತಟ್ಟಿದಳು, ಕೂಗಿದಳು, ಕೆನ್ನೆಗೆ ಹೊಡೆದಳು.

"ಏಳಿ ಅತ್ತೆ! ಬೈಯಿರಿ ನನ್ನ! ಏನಾದ್ರೂ ಅನ್ನಿ!"

ಅತ್ತೆ ಏನೂ ಅನ್ನಲಿಲ್ಲ.

ಬಾಗಿಲು ಅಷ್ಟು ಹೊತ್ತಿಗೆ ತೆರೆಯಿತು. ಸಾಹೇಬರು ಬನಿಯನ್ನಿನಲ್ಲಿ ನಿಂತಿದ್ದರು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಏನಿದು ಗಲಾಟೆ? ಆಗಿನಿಂದ ಯಾರೋ ಬಾಗಿಲು ಬಡೀತಾನೇ ಇದ್ರು. ಆಮೇಲೆ ಬಾ ಅಂದೆ."

ಗಂಡ ಗೇಟಿನಿಂದ ಓಡಿ ಬಂದ. ಅಮ್ಮನ ಕಾಲ ಬಳಿ ಕೂತ. ಅವನ ಬಾಯಿಂದಲೇ ಎಲ್ಲ ಹೊರಗೆ ಬಂತು. ಸಾಹೇಬರಿಗೆ ಊಟವಾದ ಮೇಲೆ ಅತ್ತೆಯ ಆ ತಂಪು ಕೋಣೆಯಲ್ಲೇ ಒಂದು ನಿದ್ದೆ ಬೇಕಿತ್ತಂತೆ. ಮುದುಕಿ ಒಳಗಿದ್ದರೆ ನಿದ್ದೆ ಬರುವುದಿಲ್ಲವಂತೆ. ಅಮ್ಮನನ್ನು ಹೊರಗೆ ಕೂರಿಸು ಎಂದು ಮ್ಯಾನೇಜರ್ ಅವನಿಗೇ ಹೇಳಿದ. ಅವನೇ ಎತ್ತಿಕೊಂಡು ಬಂದು ಕೂರಿಸಿದ. ಆಗ ಗೋಡೆಯ ಬುಡದಲ್ಲಿ ಗೇಣಗಲ ನೆರಳಿತ್ತು.

"ಒಂದು ಗಳಿಗೆ ಕೂತಿರಮ್ಮ ಅಂದೆ ಕಣೆ. ಕಾರು ಬಂತು, ಗೇಟಿಗೆ ಹೋದೆ. ಒಂದರ ಹಿಂದೆ ಒಂದು ಕಾರು. ನೆರಳು ಸರಿದದ್ದು ಗೊತ್ತಾಗ್ಲಿಲ್ಲ."

"ಕೂಗಿರ್ತಾರಲ್ಲ. ಕೇಳಿಸ್ಲಿಲ್ವಾ?"

ಅವನು ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ. "ಕೇಳಿಸ್ತು. ಯಾರೋ ಗೆಸ್ಟಿನ ಜೊತೆ ಮಾತಾಡ್ತಿದಾಳೆ ಅಂದ್ಕೊಂಡೆ."

ಏಣಿ ಅವನನ್ನು ಹೊಡೆಯಲು ಕೈ ಎತ್ತಿದಳು. ಕೈ ಹಾಗೆಯೇ ನಿಂತಿತು. ತಾಯಿಯನ್ನು ಬಿಸಿಲಿಗೆ ಇಡು ಎಂದರೆ ಇಟ್ಟು, ಸಲಾಂ ಹೊಡೆಯಲು ಓಡಿದ ಮಗ. ಅವನನ್ನು ಹಾಗೆ ಮಾಡಿದವರು ಯಾರು? ಬಾಲ ತೋರಿಸು ಎಂದವರು, ಲಾರಿ ಹತ್ತಿಸಿದವರು, ಸೀಟಿ ಕೊಟ್ಟವರು. ಆದರೂ ಆ ದಿನ ಅವಳಿಗೆ ಅವನ ಮೇಲೆ ಕನಿಕರ ಬರಲಿಲ್ಲ.

ಅತ್ತೆಯನ್ನು ಬಯಲಿನಾಚೆ ಮಣ್ಣು ಮಾಡಿದರು. ವಯಸ್ಸಾಗಿತ್ತು ಎಂದು ಕಂಪನಿ ಹೇಳಿತು. ಪೊಲೀಸರೂ ಅದನ್ನೇ ಹೇಳಿದರು. ಸಾಹೇಬರು ಸಂಜೆಯೇ ಊರಿಗೆ ಹೊರಟುಹೋದರು.

ಕೆಲಸಕ್ಕೆ ಮರಳಿದ ಬೆಳಿಗ್ಗೆ ಮ್ಯಾನೇಜರ್ ಏಣಿಯನ್ನು ಕರೆಸಿ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಆಗಬಾರದಿತ್ತಮ್ಮ. ನಂಗೂ ಊಟ ಸೇರ್ತಿಲ್ಲ. ಆದ್ರೆ ಏನ್ಮಾಡೋಕಾಗುತ್ತೆ? ಇನ್ನೊಂದು ವಾರಕ್ಕೆ ಅದೇ ಸಾಹೇಬರು ಸ್ನೇಹಿತರ ಜೊತೆ ಬರ್ತಿದಾರೆ. ಅದೇ ಕೋಣೆ ಬೇಕಂತೆ, ಬೇರೆ ಯಾವುದೂ ಅಷ್ಟು ತಂಪಿಲ್ಲ ಅಂತಾರೆ. ಚಾವಣಿ ತಲೆಗೆ ತಾಗುತ್ತೆ, ಎತ್ತರ ಮಾಡ್ಸಿ ಅಂತ ಫೋನು ಮಾಡಿದ್ರು. ನೀನು ಎತ್ತರ ಇದ್ದೀಯ, ನೀನೇ ನಿಂತು ಮಾಡ್ಸು."

ಏಣಿ ಹೋಗಲು ಬಾಗಿಲ ಕಡೆ ತಿರುಗಿದಳು.

"ಇನ್ನೊಂದು ವಿಷ್ಯ," ಎಂದ ಮ್ಯಾನೇಜರ್, ಮೇಜಿನ ಮೇಲಿನ ಪೆನ್ನನ್ನು ಅತ್ತ ಇತ್ತ ಉರುಳಿಸುತ್ತಾ. "ಅಜ್ಜಿ ಇಲ್ವಾ ಅಂತ ಗೆಸ್ಟುಗಳು ಕೇಳ್ತಿದಾರೆ. ನಿಮ್ಮವರಲ್ಲಿ ಬೇರೆ ಯಾರಾದ್ರೂ ಮುದುಕಿ ಇದ್ರೆ..."

 ಇಷ್ಟು ವರ್ಷ ಬಾಗಿ ಬಾಗಿ ಏಣಿಯ ಬೆನ್ನು ಮುಂದಕ್ಕೇ ಜೋತಿತ್ತು. ಈಗ ಮೆಲ್ಲಗೆ ನೆಟ್ಟಗಾಯಿತು. ಮ್ಯಾನೇಜರ್ ಕತ್ತೆತ್ತಿ ನೋಡಬೇಕಾಯಿತು.

"ಇಲ್ಲ," ಎಂದಳು.

"ಇಲ್ಲ ಅಂದ್ರೆ? ಯಾರೂ ಇಲ್ವಾ?"

"ಇದಾರೆ. ತುಂಬ ಜನ ಇದಾರೆ. ತಗಡಿನೊಳಗೆ ಬೇಯ್ತಿದಾರೆ. ನಿನಗೆ ಒಬ್ಬರನ್ನೂ ಕೊಡಲ್ಲ. ಬೇಕಿದ್ರೆ ನಿಮ್ಮಮ್ಮನ್ನ ಕರ್ಕೊಂಡು ಬಾ. ಹರಕು ಬಟ್ಟೆ ಹಾಕು. ಚಪ್ಪಲಿ ಬಿಡ್ಸು. ಬಿಸಿಲಲ್ಲಿ ಕೂರ್ಸು. ಗೌರವ ಅಂದ್ಕೊಂಡು ಕೂರ್ತಾಳೆ."

ಮ್ಯಾನೇಜರನ ಮುಖದ ನೀರಿಳಿಯಿತು. ಜೀವಮಾನದಲ್ಲಿ ಗುಂಡಿಯವರ ಬಾಯಿಂದ ಅವನು ಏಕವಚನ ಕೇಳಿರಲಿಲ್ಲ. ನಾಳೆಯಿಂದ ಬರಬೇಡ ಎನ್ನಲು ಬಾಯಿ ತೆರೆದವನಿಗೆ ಸಾಹೇಬರ ಫೋನು ನೆನಪಾಯಿತು.

"ಚಾವಣಿ?" ಎಂದ.

"ಅದು ನನ್ನ ಕೆಲಸ. ಎತ್ತರ ಮಾಡ್ತೀನಿ."

ಗುಂಡಿಯವರಲ್ಲಿ ಕೋಣೆ ಯಾರ ಅಳತೆಯದೋ ಅವಳು ಸತ್ತರೆ, ಅದೇ ಎತ್ತರದ ಮಗಳೋ ಸೊಸೆಯೋ ಇದ್ದರೆ ಕೋಣೆ ಅವಳಿಗೆ. ಇಲ್ಲದಿದ್ದರೆ ಅದನ್ನು ತೆರೆದಿಡುವುದಿಲ್ಲ. ಮೆತ್ತಲು ಸರಿಯಾದ ಕೈಯಿಲ್ಲದ ಚಾವಣಿ ಒಂದಲ್ಲ ಒಂದು ದಿನ ಯಾರ ಮೇಲಾದರೂ ಕುಸಿಯುತ್ತದೆ. ಹಾಗಾಗಿ ಮೇಲಿನಿಂದ ಅಗೆದು, ಚಾವಣಿಯನ್ನು ಒಳಕ್ಕೆ ಬೀಳಿಸಿ, ಸತ್ತವಳ ಹಿಂದೆಯೇ ಅವಳ ಕೋಣೆಯನ್ನೂ ಕಳಿಸಿಕೊಡುತ್ತಾರೆ. ಮನೆಯ ಹೆಂಗಸರೇ ಆ ಕೆಲಸ ಮಾಡಬೇಕು. ಕಂಪನಿ ಬಂದ ಮೇಲೆ ಯಾವ ಕೋಣೆಯನ್ನೂ ಹಾಗೆ ಕಳಿಸಿರಲಿಲ್ಲ. ಕೋಣೆ ಅವರದ್ದಾಗಿದ್ದರೆ ತಾನೇ?

ಏಣಿ ಆ ದಿನ ಅತ್ತೆಯ ಕೋಣೆಯಿಂದ ಮಂಚ, ಕನ್ನಡಿ, ಹಳದಿ ದೀಪ ಎಲ್ಲವನ್ನೂ ಹೊತ್ತು ತಂದು ಬೇರೆ ಕೋಣೆಯಲ್ಲಿ ಜೋಡಿಸಿದಳು. ಹಾಸಿಗೆಗೆ ಧೂಳು ಕೂರದಂತೆ ಬಟ್ಟೆ ಹೊದಿಸಿದಳು. ಆಮೇಲೆ ಪಿಕಾಸಿ ಹೆಗಲಿಗೇರಿಸಿ ಇಳಿಜಾರು ಹತ್ತಿ, ಹುಲ್ಲುಹಾಸನ್ನು ತುಳಿದುಕೊಂಡು ಹೋದಳು. ಕಾಲಿಡಬಾರದು ಎಂದು ಹಲಗೆ ನೆಟ್ಟಿದ್ದ ಜಾಗ. ಮೊದಲ ಏಟು ಹುಲ್ಲಿಗೇ ಬಿತ್ತು.

ಕಹಳೆ ಕೆಳಗಿನಿಂದ ನೋಡಿದಳು.  ಹಾರೆ ತೆಗೆದುಕೊಂಡು ಹತ್ತಿ ಬಂದಳು. ಆಮೇಲೆ ಆಚೆ ಗುಂಡಿಯವರು, ಅದರಾಚೆ ಗುಂಡಿಯವರು. ಮೆತ್ತುವ ಹೆಂಗಸರೆಲ್ಲ ಗುದ್ದಲಿ, ಬಾಂಡ್ಲಿ ಹಿಡಿದು ಸುತ್ತ ನಿಂತರು. ಅಗೆಯುವವರು ಅಗೆದರು, ಹೊರುವವರು ಹೊತ್ತರು. ಬಿಸಿಲಿಗೆ ಬೆವರು ಕಣ್ಣಿಗಿಳಿದು ಉರಿಯಿತು. ಅಂಗೈಯ ಬೊಬ್ಬೆ ಒಡೆದು ಹಿಡಿ ಜಾರಿತು. ಬಟ್ಟೆ ಸುತ್ತಿಕೊಂಡು ಮತ್ತೆ ಅಗೆದರು.

ಮ್ಯಾನೇಜರ್ ದೂರದಿಂದ ನೋಡಿ ಖುಷಿಪಟ್ಟ. ಇಷ್ಟು ಜನ ಕೂಡಿ ಮಾಡಿದರೆ ವಾರದೊಳಗೆ ಮುಗಿದೇ ಮುಗಿಯುತ್ತದೆ. ಆದರೂ ಯಾಕೋ ಅನುಮಾನ ಬಂತು. ಗೇಟಿನಲ್ಲಿ ನಿಂತಿದ್ದ ಏಣಿಯ ಗಂಡನನ್ನು ಕೇಳಿದ.

"ಅಲ್ಲಯ್ಯಾ, ಚಾವಣಿ ಎತ್ತರ ಮಾಡೋದು ಒಳಗಿನಿಂದ ಕೆತ್ತಿ ಅಲ್ವಾ? ಇವರ್ಯಾಕೆ ಮೇಲಿನಿಂದ ಅಗೀತಿದಾರೆ?"

ಗಂಡ ಆ ಕಡೆ ನೋಡಿದ. ಆ ಹೆಂಗಸರು ಏನು ಮಾಡುತ್ತಿದ್ದಾರೆಂದು ಅವನಿಗೆ ಮೊದಲ ಏಟಿಗೇ ತಿಳಿದಿತ್ತು. ಅಜ್ಜಿ ಸತ್ತಾಗ ಅವಳ ಕೋಣೆಯನ್ನು ಅವನಮ್ಮ ಕಳಿಸಿಕೊಟ್ಟದ್ದನ್ನು ಅವನು ಕಂಡಿದ್ದ. ಕಂಪನಿಯ ಉಪ್ಪು ತಿನ್ನುವವನು ಈಗ ಬಾಯಿ ಬಿಡಬೇಕು. ಬಿಟ್ಟರೆ ಗೇಟು ಉಳಿಯುತ್ತದೆ, ಟೋಪಿ ಉಳಿಯುತ್ತದೆ.

"ಮೇಲಿನಿಂದಲೇ ಸಾರ್," ಎಂದ. "ನಮ್ಮಲ್ಲಿ ಹೀಗೇ ಮಾಡೋದು."

ಅವನ ಬಾಯಿಂದ ಬಂದ ಮೊದಲ ಪ್ರತಿಭಟನೆ ಅದು. ಮ್ಯಾನೇಜರ್ ತಲೆಯಾಡಿಸಿ ನೆರಳಿಗೆ ಹೋದ.

ಮಣ್ಣು ತೆಳುವಾಗುತ್ತಾ ಬಂದಾಗ ಎಲ್ಲರೂ ಅಂಚಿಗೆ ಸರಿದರು. ಏಣಿ ಉದ್ದನೆಯ ಹಾರೆಯಿಂದ ನಡುವೆ ಕುಕ್ಕಿದಳು. ಧೊಪ್ಪನೆ ಸದ್ದಾಯಿತು. ಅತ್ತೆ ವರ್ಷ ವರ್ಷ ಮೆತ್ತಿದ ಚಾವಣಿ, ಪದರದ ಮೇಲೆ ಪದರವಾಗಿದ್ದ ಮಣ್ಣು, ಒಳಕ್ಕೆ ಬಿತ್ತು. ಧೂಳು ಎದ್ದಿತು. ಏಣಿ ಆಗ ಅತ್ತಳು. ಅತ್ತೆಯನ್ನು ಹೊತ್ತುಕೊಂಡು ಹೋಗುವಾಗ ಅಳದವಳು, ಮಣ್ಣು ಮಾಡುವಾಗ ಅಳದವಳು, ಗುಂಡಿಯ ಅಂಚಿನಲ್ಲಿ ಕೂತು ಬಾಯಿಬಿಟ್ಟು ಅತ್ತಳು. ಕಹಳೆ ಅವಳ ಬೆನ್ನು ಸವರಿದಳು. ಮೊದಲ ಬಾರಿಗೆ ಕಹಳೆಯ ಗಂಟಲಿನಿಂದ ಸದ್ದು ಬರಲಿಲ್ಲ.

ಕಳಿಸಿದ ಕೋಣೆಯನ್ನು ಮಣ್ಣಿನಿಂದ ಮುಚ್ಚಿಬಿಡುವುದು ಕ್ರಮ. ಏಣಿ ಮುಚ್ಚಲು ಬಿಡಲಿಲ್ಲ. ಬಿದ್ದ ಮಣ್ಣನ್ನೆಲ್ಲ ಹೊರಗೆ ಹೊರಿಸಿದಳು. ಅಂಚಿನಲ್ಲಿ ಸಡಿಲವಾಗಿದ್ದುದನ್ನು ಕೆತ್ತಿ ತೆಗೆದಳು. ನೆಲ ಸಾರಿಸಿದಳು. ಮಂಚ ತಂದು ಮೊದಲಿದ್ದ ಜಾಗದಲ್ಲೇ ಇಟ್ಟಳು. ಒಗೆದ ಬಿಳಿ ಹಾಸು ಹಾಸಿ ಸುಕ್ಕು ತೆಗೆದಳು. ದಿಂಬು ಇಟ್ಟಳು. ಬಾಗಿಲು ಎಳೆದುಕೊಂಡಳು. ಕೆಲಸ ಮುಗಿದಿದೆ ಎಂದು ಮ್ಯಾನೇಜರನಿಗೆ ಹೇಳಿ ಕಳಿಸಿದಳು. ಅವನು ಇಳಿದು ನೋಡುವ ಮೊದಲೇ ಸಾಹೇಬರ ಕಾರು ಗೇಟಿಗೆ ಬಂದಾಗಿತ್ತು.

ನಡುಹಗಲು. ಸಾಹೇಬರು ಸ್ನೇಹಿತರಿಗೆ ವಿವರಿಸುತ್ತಾ ಇಳಿದು ಬಂದರು.

"ಒಳಗೆ ಹೋದ್ರೆ ಬೇಸಿಗೆ ಅನ್ನೋದೇ ಮರ್ತುಹೋಗುತ್ತೆ, ನೋಡಿ ಬೇಕಾದ್ರೆ!"

ಮ್ಯಾನೇಜರ್ ಓಡಿ ಹೋಗಿ ಬಾಗಿಲು ತೆರೆದ. ತೆರೆದವನು ಅಲ್ಲೇ ಕಲ್ಲಾದ. ಒಳಗೆ ಕಣ್ಣು ಕುಕ್ಕುವ ಬಿಸಿಲು. ಮೇಲೆ ಬರೀ ಆಕಾಶ. ನಟ್ಟನಡುವೆ ಬಿಳಿ ಹಾಸಿನ ಮಂಚ, ಕಾದು ಹೊಳೆಯುತ್ತಾ.

"ಏನೇ ಇದು? ಏನ್ ಮಾಡಿದ್ಯೇ?" ಮ್ಯಾನೇಜರನ ಧ್ವನಿ ಕೀರಲಾಯಿತು. "ಗಾರ್ಡ್! ಗಾರ್ಡ್! ಪೊಲೀಸ್ನೋರಿಗೆ ಫೋನ್ ಮಾಡ್ರೋ!"

ಗೇಟಿನಿಂದ 'ಬಂದೆ ಸಾರ್' ಎಂದು ಯಾರೂ ಕೂಗಲಿಲ್ಲ.

ಏಣಿ ಕೋಣೆಯ ನಡುವೆ ನಿಂತಿದ್ದಳು. ಹಿಂದೆ ಗೋಡೆಯುದ್ದಕ್ಕೂ ಹೆಂಗಸರು, ಕೈಯಲ್ಲಿ ಮಣ್ಣಾದ ಹಾರೆ, ಗುದ್ದಲಿ.

"ಎತ್ತರ ಮಾಡಿದ್ದೀನಿ ಸಾಹೇಬ್ರೆ. ಇನ್ನು ತಲೆ ತಾಗಲ್ಲ," ಎಂದಳು. "ಪೊಲೀಸ್ನೋರು ಬರೋ ತನಕ ಹೊತ್ತಿದೆ. ಊಟ ಆಗಿದ್ರೆ ಮಲಗಿ."

ಸಾಹೇಬರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಬನ್ನಿ, ಮಲಗಿ. ನಮ್ಮತ್ತೆ ಕೂತಿದ್ದಷ್ಟು ಹೊತ್ತು ಮಲಗಿದ್ರೆ ಸಾಕು. ನಾವು ಬಾಗಿಲಾಚೆ ಇರ್ತೀವಿ. ನೀವು ಕೂಗಿದ್ರೆ ನಮಗೆ ಕೇಳಿಸುತ್ತೆ."

ಅವಳು ದಿಂಬನ್ನು ತಟ್ಟಿ ಸರಿಮಾಡಿ, ಮಂಚದ ಪಕ್ಕದಲ್ಲಿ ಕಾಯುತ್ತಾ ನಿಂತಳು.